ಪತ್ತು ಎಂಬ ಪದ, ಮೂರಂಕಿಯ ಸಂಖ್ಯೆ



ದುಬೈ ಸಿಲಿಕಾನ್ ಓಯಸಿಸ್ ಒಂದು ಮುಕ್ತ ವಲಯ. ತಂತ್ರಜ್ಞಾನ ಕಂಪನಿಗಳ ಕಚೇರಿಗಳೂ ಅವುಗಳಲ್ಲಿ ದುಡಿಯುವವರ ಮನೆಗಳೂ ಒಂದೇ ಆವರಣದಲ್ಲಿವೆ. ಇಲ್ಲಿ ಬಾಡಿಗೆ ವರ್ಷದ ಲೆಕ್ಕದಲ್ಲಿ ನಿಗದಿಯಾಗುತ್ತದೆ. ಮುಂದಿನ ದಿನಾಂಕ ಬರೆದ ಚೆಕ್ಕುಗಳಲ್ಲಿ ಸಲ್ಲುತ್ತದೆ. ಉಡುಪಿಯಿಂದಲೋ ಬೆಳಗಾವಿಯಿಂದಲೋ ಬಂದ ಕುಟುಂಬವೊಂದು ಹೊಸ ಮನೆಯ ಹೊಸ್ತಿಲು ದಾಟುವ ಮುನ್ನವೇ, ಇನ್ನೂ ದುಡಿಯದ ಒಂದು ವರ್ಷದ ದುಡಿಮೆಯನ್ನು ನಾಲ್ಕು ಹಾಳೆಗಳಲ್ಲಿ ಬರೆದುಕೊಟ್ಟಿರುತ್ತದೆ. ಸಾಲವೆಂದು ಅದನ್ನು ಯಾರೂ ಕರೆಯುವುದಿಲ್ಲ.

ಸಾಲವೆಂದು ಕರೆಯಲ್ಪಡುವುದು ಆಮೇಲೆ ಬರುತ್ತದೆ. ಕೇಂದ್ರ ಬ್ಯಾಂಕಿನ 2011ರ ನಿಯಮದ ಪ್ರಕಾರ ವೈಯಕ್ತಿಕ ಸಾಲ ತಿಂಗಳ ಸಂಬಳದ 20 ಪಟ್ಟು ಮೀರುವಂತಿಲ್ಲ, ಮರುಪಾವತಿಯ ಅವಧಿ 48 ತಿಂಗಳು ದಾಟುವಂತಿಲ್ಲ, ಎಲ್ಲ ಕಂತುಗಳೂ ಸೇರಿ ಆದಾಯದ ಅರ್ಧವನ್ನು ಮೀರುವಂತಿಲ್ಲ. ಓದಲು ಇದು ಸಾಲಗಾರನ ರಕ್ಷಣೆಯಂತೆಯೇ ಇದೆ. 15,000 ದಿರ್ಹಮ್ ಸಂಬಳದವನೊಬ್ಬನನ್ನು ಊಹಿಸಿಕೊಳ್ಳಿ. ಅವನಿಗೆ 3 ಲಕ್ಷ ದಿರ್ಹಮ್‌ವರೆಗೆ ಸಾಲ ಸಿಗಬಹುದು. ಶೇಕಡ 6ರ ಬಡ್ಡಿಯಲ್ಲಿ ಕಂತು ತಿಂಗಳಿಗೆ ಸುಮಾರು 7,000. ಕೆಲಸ ಹೋಯಿತೆನ್ನಿ. 2023ರಲ್ಲಿ ಜಾರಿಗೆ ಬಂದ ಉದ್ಯೋಗನಷ್ಟ ವಿಮೆ ಮೂಲವೇತನದ ಶೇಕಡ 60ನ್ನು ಹೆಚ್ಚೆಂದರೆ ಮೂರು ತಿಂಗಳು ಕೊಡುತ್ತದೆ. ಮೂಲವೇತನ 8,000 ಆಗಿದ್ದರೆ ಕೈಗೆ ಬರುವುದು 4,800. ಊಟ, ಬಾಡಿಗೆ, ಮಕ್ಕಳ ಶಾಲೆಯ ಮಾತು ಹಾಗಿರಲಿ, ಅದರಲ್ಲಿ ಕಂತೇ ತೀರುವುದಿಲ್ಲ. ನೌಕರಿಯನ್ನೇ ಆಧರಿಸಿದ ವೀಸಾಕ್ಕೂ ಅಷ್ಟರಲ್ಲಿ ದಿನ ಎಣಿಸಬೇಕಾಗುತ್ತದೆ. ದುಂದುಗಾರಿಕೆಯಿಂದಲೇ ಮನುಷ್ಯ ದಿವಾಳಿಯಾಗುತ್ತಾನೆಂಬ ಮಧ್ಯಮವರ್ಗದ ನಂಬಿಕೆಗೆ ಈ ಲೆಕ್ಕದಲ್ಲಿ ಜಾಗವಿಲ್ಲ.

ಹಿಂದೆ ಇಂಥವರ ಮುಂದಿದ್ದುದು ಎರಡೇ ದಾರಿ: ಸೆರೆಮನೆ ಅಥವಾ ವಿಮಾನ. 2008-09ರ ಕುಸಿತದಲ್ಲಿ ವಿಮಾನನಿಲ್ದಾಣದಲ್ಲಿ ಕಾರು ಬಿಟ್ಟು ಹೋದವರ ಸುದ್ದಿಗಳನ್ನು ಹಳಬರು ಇನ್ನೂ ಮರೆತಿಲ್ಲ. ಆಮೇಲೆ ಕಾನೂನು ಬದಲಾಯಿತು. ವ್ಯಕ್ತಿಗಳ ದಿವಾಳಿತನಕ್ಕೆ ಸಂಬಂಧಿಸಿದ 2019ರ 19ನೇ ಫೆಡರಲ್ ಕಾನೂನು 2020ರ ಆರಂಭದಲ್ಲಿ ಜಾರಿಗೆ ಬಂತು. ಸಾಲಗಾರ ತಾನೇ ನ್ಯಾಯಾಲಯಕ್ಕೆ ಹೋಗಿ, ತಜ್ಞರೊಬ್ಬರ ನೆರವಿನಲ್ಲಿ, ಮೂರು ವರ್ಷ ಮೀರದ ಮರುಪಾವತಿ ಯೋಜನೆಯನ್ನು ಕೇಳಬಹುದು. ಖಾತೆಯಲ್ಲಿ ಹಣವಿಲ್ಲದೆ ಚೆಕ್ಕು ಮರಳುವುದು 2022ರ ಜನವರಿ 2ರಿಂದ ಸಾಮಾನ್ಯವಾಗಿ ಅಪರಾಧವಲ್ಲ; ಅದು ಜಾರಿ ನ್ಯಾಯಾಲಯದ ಸಿವಿಲ್ ವಿಷಯ. ಇದು ಸಣ್ಣ ಬದಲಾವಣೆಯಲ್ಲ. ಆದರೂ ಪ್ರಯಾಣ ನಿಷೇಧದ ಅಧಿಕಾರ ನ್ಯಾಯಾಲಯದ ಕೈಯಲ್ಲಿ ಉಳಿದಿದೆ. ತಪ್ಪಿದ ಕಂತಿನ ನೆನಪು ಮಾತ್ರ ನ್ಯಾಯಾಲಯದಿಂದ ಬೇರೆಡೆಗೆ ಹೋಗಿದೆ.

ಆ ನೆನಪಿನ ಮನೆ ಅಲ್ ಇತಿಹಾದ್ ಕ್ರೆಡಿಟ್ ಬ್ಯೂರೋ. 2010ರ ಕಾನೂನಿನಡಿ ಹುಟ್ಟಿ, 2014ರಲ್ಲಿ ಕೆಲಸ ಆರಂಭಿಸಿದ ಸರ್ಕಾರಿ ಕಂಪನಿ ಅದು. ಸಾಲದ ಕಂತು, ಕ್ರೆಡಿಟ್ ಕಾರ್ಡು, ಮರಳಿದ ಚೆಕ್ಕು, ಫೋನಿನ ಬಿಲ್ಲು ಎಲ್ಲವೂ ಅಲ್ಲಿ ಸೇರಿ 300ರಿಂದ 900ರ ನಡುವಿನ ಒಂದು ಅಂಕವಾಗುತ್ತವೆ. ಕಂತು ಏಕೆ ತಪ್ಪಿತು, ಕಂಪನಿ ಮುಚ್ಚಿತೋ ಮನೆಯಲ್ಲಿ ಕಾಯಿಲೆಯೋ ಎಂಬುದು ಆ ಅಂಕದಲ್ಲಿ ಕಾಣುವುದಿಲ್ಲ.

ಸಾಲದಿಂದ ಬಿಡುಗಡೆ ಬೇರೆ, ಪತ್ತು ಮರಳುವುದು ಬೇರೆ. ಕರ್ನಾಟಕಕ್ಕೆ ಇದು ಹೊಸ ಪಾಠವೇನಲ್ಲ. ದೇವರಾಜ ಅರಸು ಸರ್ಕಾರದ 1976ರ ಋಣ ಪರಿಹಾರ ಕಾನೂನು ಸಣ್ಣ ರೈತರ, ಭೂಹೀನ ಕೂಲಿಗಳ, ದುರ್ಬಲ ವರ್ಗಗಳ ಸಾಲವನ್ನು ತೊಡೆಯಿತು. ಗಿರವಿ ಇಟ್ಟ ವಸ್ತುಗಳನ್ನು ಹಿಂದಿರುಗಿಸಬೇಕೆಂದಿತು. ಅದು ದಿಟ್ಟ ಹೆಜ್ಜೆ. ಆದರೆ ಮುಂದಿನ ಬಿತ್ತನೆಗೆ ಹಣ ಎಲ್ಲಿಂದ ಎಂಬ ಪ್ರಶ್ನೆಗೆ ಋಣ ತೊಡೆಯುವ ಕಾನೂನು ಉತ್ತರ ಕೊಡಲಾರದು. ಅದಕ್ಕೆ ಉತ್ತರ ಹುಡುಕಿದ್ದು ಏಳು ದಶಕ ಹಿಂದಿನ ಇನ್ನೊಂದು ಪ್ರಯೋಗ. 1905ರಲ್ಲಿ ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಭಾರತದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. ಅಂದಿನ ಗ್ರಾಮೀಣ ಸಂಘಗಳಲ್ಲಿ ಸದಸ್ಯರ ಹೊಣೆಗೆ ಮಿತಿಯಿರಲಿಲ್ಲ. ಒಬ್ಬ ತಪ್ಪಿದರೆ ಉಳಿದವರು ತೆರಬೇಕು. ಹಾಗಾಗಿ ಯಾರಿಗೆ ಮಳೆ ಕೈಕೊಟ್ಟಿತು, ಯಾರು ಸುಮ್ಮನೆ ಕೈಯೆತ್ತಿದರು ಎಂಬುದನ್ನು ಊರು ತಿಳಿದಿರಲೇಬೇಕಿತ್ತು. ಪತ್ತು ಎಂಬ ಪದಕ್ಕೆ ಅಲ್ಲಿದ್ದ ಅರ್ಥ ಅದು. ಹಾಗೆಂದು ಆ ಊರನ್ನು ಹೊಗಳಿ ಮುಗಿಸುವಂತಿಲ್ಲ: ಯಾರ ಮಾತಿಗೆ ಪತ್ತು, ಯಾರದಕ್ಕೆ ಇಲ್ಲ ಎಂಬುದನ್ನು ಜಾತಿಯೂ ಜಮೀನೂ ತೀರ್ಮಾನಿಸುತ್ತಿದ್ದ ಕಾಲ. ಅಂಕಕ್ಕೆ ಜಾತಿ ತಿಳಿಯದು, ಅಷ್ಟು ಒಳ್ಳೆಯದು. ಅದಕ್ಕೆ ಬರಗಾಲವೂ ತಿಳಿಯದು.

ಕಂಪನಿಗಳ ಕಥೆಯೇ ಬೇರೆ. ಉಡುಪಿ ಮೂಲದ ಬಿ.ಆರ್. ಶೆಟ್ಟಿ 1975ರಲ್ಲಿ ಅಬುಧಾಬಿಯಲ್ಲಿ ಆರಂಭಿಸಿದ ಎನ್‌ಎಂಸಿ 2012ರಲ್ಲಿ ಲಂಡನ್ ಷೇರುಪೇಟೆಗೆ ಏರಿತು. ಶತಕೋಟಿಗಟ್ಟಲೆ ಡಾಲರ್ ಸಾಲ ಬೆಳಕಿಗೆ ಬಂದು 2020ರ ಏಪ್ರಿಲ್‌ನಲ್ಲಿ ಆಡಳಿತಾಧಿಕಾರಿಗಳ ವಶವಾಯಿತು. ಸಾಲಕೊಟ್ಟವರು ಕುಳಿತು ಮಾತಾಡಿದರು, ಸಾಲವನ್ನು ಮರುಹೊಂದಿಸಿದರು, 2022ರಲ್ಲಿ ಆಸ್ಪತ್ರೆಗಳ ವ್ಯವಹಾರ ಹೊಸ ರೂಪದಲ್ಲಿ ಮುಂದುವರಿಯಿತು. ದೊಡ್ಡ ಸಾಲಕ್ಕೆ ಸಭೆ, ಸಣ್ಣ ಸಾಲಕ್ಕೆ ವಸೂಲಿಯವನ ಫೋನು.

ಊರಿಗೆ ಮರಳಿದರೆ ಎಲ್ಲ ಮುಗಿಯಿತು ಎಂದುಕೊಳ್ಳುವವರು 2020ರ ಜನವರಿ 17ರ ಅಧಿಸೂಚನೆಯನ್ನು ತಿಳಿದಿರಬೇಕು. ಸಿವಿಲ್ ಪ್ರಕ್ರಿಯಾ ಸಂಹಿತೆಯ 44ಎ ಕಲಮಿನಡಿ ಭಾರತ ಅಂದು ಯುಎಇಯನ್ನು ಪರಸ್ಪರ ಮಾನ್ಯತೆಯ ಪ್ರದೇಶವೆಂದು ಘೋಷಿಸಿತು. ಇಲ್ಲಿನ ನ್ಯಾಯಾಲಯದ ಹಣದ ಡಿಕ್ರಿಯನ್ನು ಮಂಗಳೂರಿನ ಜಿಲ್ಲಾ ನ್ಯಾಯಾಲಯದಲ್ಲಿಯೂ ಜಾರಿಗೆ ಕೇಳಬಹುದು. ಆಕ್ಷೇಪಿಸಲು ಕಾನೂನಿನಲ್ಲಿ ಕೆಲವೇ ಕಾರಣಗಳಿವೆ. ಭಾರತದ 2016ರ ದಿವಾಳಿ ಸಂಹಿತೆಯಲ್ಲಿ ವ್ಯಕ್ತಿಗಳಿಗೊಂದು ಭಾಗವಿತ್ತಾದರೂ 2019ರ ಡಿಸೆಂಬರ್‌ನಲ್ಲಿ ಅದು ಜಾರಿಗೆ ಬಂದದ್ದು ಕಂಪನಿಗಳ ಸಾಲಕ್ಕೆ ವೈಯಕ್ತಿಕ ಜಾಮೀನು ನಿಂತವರಿಗೆ ಮಾತ್ರ. ಹಣದ ಡಿಕ್ರಿ ಸಮುದ್ರ ದಾಟುತ್ತದೆ, ರಕ್ಷಣೆ ದಾಟುವುದಿಲ್ಲ.

ಇನ್ನು, ಇಲ್ಲೇ ಉಳಿದು ಮತ್ತೆ ಪತ್ತು ಕಟ್ಟಬೇಕಾದವರ ಮಾತು. ಮೊದಲು ಬ್ಯೂರೋದಿಂದ ತನ್ನದೇ ವರದಿಯನ್ನು ತರಿಸಿ ಓದಬೇಕು. ಅವಮಾನದಿಂದ ಅದನ್ನು ತೆರೆಯದವರೇ ಹೆಚ್ಚು, ನಷ್ಟವೂ ಅಲ್ಲಿಂದಲೇ ಆರಂಭ. ತೀರಿಸಿದ ಸಾಲ ಇನ್ನೂ ಬಾಕಿಯೆಂದೇ ಕಾಣುತ್ತಿದ್ದರೆ ತಿದ್ದಬೇಕಾದದ್ದು ಮಾಹಿತಿ ಕೊಟ್ಟ ಬ್ಯಾಂಕು. ಹಾಗಾಗಿ ಅಲ್ಲಿಗೆ ಲಿಖಿತ ದೂರು ಹೋಗಬೇಕು. ಠೇವಣಿಯ ಆಧಾರದ ಮೇಲೆ ಸಿಗುವ ಸಣ್ಣ ಮಿತಿಯ ಕಾರ್ಡೊಂದನ್ನು ಪಡೆದು, ತಿಂಗಳ ಬಿಲ್ಲನ್ನು ಪೂರ್ತಿಯಾಗಿ ಕಟ್ಟುತ್ತ ಹೋಗುವುದು ನಿಧಾನವಾದರೂ ನೆಚ್ಚಬಹುದಾದ ದಾರಿ. ಐದಾರು ಬ್ಯಾಂಕುಗಳಿಗೆ ಒಟ್ಟಿಗೆ ಅರ್ಜಿ ಹಾಕಿದರೆ ಅದೂ ದಾಖಲಾಗುತ್ತದೆ. ಪರಿಚಿತರ ನಡುವೆ ನಡೆಯುವ ಚೀಟಿಗಳು ಕಣಗಿನಹಾಳದ ನೆನಪು ತಂದರೂ ಅವಕ್ಕೆ ಇಲ್ಲಿ ಕಾನೂನಿನ ಆಸರೆಯಿಲ್ಲ. ಒಡೆದರೆ ಹಣದ ಜೊತೆ ಸ್ನೇಹವೂ ಹೋಗುತ್ತದೆ. ಕನ್ನಡ ಕೂಟಗಳು ಹಬ್ಬಕ್ಕೆ ಸಭಾಂಗಣ ಹಿಡಿಯುವಷ್ಟೇ ಆಸ್ಥೆಯಿಂದ ತಿಂಗಳಿಗೊಂದು ಸಂಜೆ ಈ ವರದಿಗಳನ್ನು ಓದಿಕೊಡುವ ವ್ಯವಸ್ಥೆ ಮಾಡಿದರೆ ಯಾರ ಹಣವೂ ಖರ್ಚಾಗದು.

ಕೊನೆಯ ಕಂತು ಕಟ್ಟಿದ ದಿನ ಬ್ಯಾಂಕಿನಿಂದ ಎರಡು ಕಾಗದಗಳನ್ನು ಕೇಳಿ ಪಡೆಯಬೇಕು: ಬಾಕಿ ಇಲ್ಲವೆಂಬ ಪತ್ರ, ಮತ್ತು ಸಾಲ ಪಡೆಯುವಾಗ ಭದ್ರತೆಗೆಂದು ಸಹಿ ಮಾಡಿ ಕೊಟ್ಟಿದ್ದ ಚೆಕ್ಕು. ಎರಡನೆಯದನ್ನು ಬಹಳ ಜನ ಮರೆಯುತ್ತಾರೆ.