ಘಗ್ಗರ್: ಮಳೆಗಾಲದ ಹೊಳೆ, ಹರಪ್ಪದ ಊರುಗಳು

ನಾಗರಿಕತೆ ಎಂದೊಡನೆ ನೆನಪಾಗುವುದು ನೈಲ್, ಸಿಂಧು, ಯೂಫ್ರಟಿಸ್‌ನಂಥ ಜೀವನದಿಗಳು. ಇವತ್ತಿನ ಮಾತು ಘಗ್ಗರ್ ನದಿಯದು. ಮುಂಗಾರಿನಲ್ಲಿ ಉಕ್ಕಿ, ಬೇಸಗೆಗೆ ಬತ್ತುವ ಹೊಳೆ ಇದು. ಆದರೂ ಸಿಂಧೂ ನಾಗರಿಕತೆಯ ನೂರಾರು ನೆಲೆಗಳು ಇದರ ಪಾತ್ರದುದ್ದಕ್ಕೂ ಸಿಕ್ಕಿವೆ.

ಘಗ್ಗರ್ ಹುಟ್ಟುವುದು ಹಿಮಾಚಲ ಪ್ರದೇಶದ ಶಿವಾಲಿಕ್ ಬೆಟ್ಟಗಳಲ್ಲಿ. ಹಿಮನದಿಯ ಆಸರೆ ಇಲ್ಲ, ಮಳೆಯೇ ಗತಿ. ಪಂಜಾಬ್, ಹರಿಯಾಣ ದಾಟಿ, ಸಿರ್ಸಾ ಬಳಿಯ ಒಟ್ಟು ಅಣೆಕಟ್ಟೆ ಹಾದು, ರಾಜಸ್ಥಾನದ ಹನುಮಾನ್‌ಗಢದ ಕಡೆ ಬರುವಷ್ಟರಲ್ಲಿ ಸೊರಗುತ್ತದೆ. ಗಡಿಯಾಚೆ, ಪಾಕಿಸ್ತಾನದ ಚೋಲಿಸ್ತಾನ್ ಮರುಭೂಮಿಯಲ್ಲಿ ಉಳಿಯುವುದು ಹಕ್ರಾ ಎಂಬ ಒಣ ಪಾತ್ರ. ಅದು ಕೆಲವೆಡೆ ಹಲವು ಕಿಲೋಮೀಟರ್ ಅಗಲ. ಸಣ್ಣ ಹೊಳೆಗೆ ಇಷ್ಟು ದೊಡ್ಡ ಪಾತ್ರ ಬಂದದ್ದೆಲ್ಲಿಂದ?

ಈ ಪ್ರಶ್ನೆ ಹತ್ತೊಂಬತ್ತನೇ ಶತಮಾನದಿಂದಲೂ ಕಾಡುತ್ತಿದೆ. ಇದೇ ವೇದಗಳ ಸರಸ್ವತಿ ಎಂದು ಆಗಲೇ ಕೆಲವರು ವಾದಿಸಿದರು. 1940–41ರಲ್ಲಿ ಪುರಾತತ್ತ್ವಜ್ಞ ಆರೆಲ್ ಸ್ಟೈನ್ ಇಳಿವಯಸ್ಸಿನಲ್ಲೂ ಈ ಒಣ ಪಾತ್ರದುದ್ದಕ್ಕೂ ಸರ್ವೆ ನಡೆಸಿದರು. ದೇಶ ವಿಭಜನೆಯಾದಾಗ ಹರಪ್ಪ, ಮೊಹೆಂಜೊದಾರೊ ಎರಡೂ ಗಡಿಯಾಚೆ ಉಳಿದವು. ಈಚೆ ಹುಡುಕಲು ಹೊರಟ ಅಮಲಾನಂದ ಘೋಷ್ ಅವರಿಗೆ ಘಗ್ಗರ್ ಕಣಿವೆಯಲ್ಲಿ ನೆಲೆಯ ಮೇಲೆ ನೆಲೆ ಸಿಕ್ಕಿತು. 1970ರ ದಶಕದಲ್ಲಿ ಚೋಲಿಸ್ತಾನದ ನೆಲೆಗಳನ್ನು ಪಟ್ಟಿ ಮಾಡಿದವರು ರಫೀಕ್ ಮುಘಲ್.

ಘಗ್ಗರ್ ಕಣಿವೆಯ ನೆಲೆಗಳಲ್ಲಿ ಕಾಲಿಬಂಗನ್ ಕತೆ ದೊಡ್ಡದು. ಬಿ. ಬಿ. ಲಾಲ್, ಬಿ. ಕೆ. ಥಾಪರ್ ಅವರ ಮುಂದಾಳತ್ವದಲ್ಲಿ 1960ರಿಂದ 1969ರವರೆಗೆ ಇಲ್ಲಿ ಉತ್ಖನನ ನಡೆಯಿತು. ಹಸಿ ಇಟ್ಟಿಗೆಯ ಕೋಟೆ, ಬಾವಿಗಳು ಹೊರಬಂದವು. ಊರ ಹೊರಗೆ, ನಗರ ಕಾಲಕ್ಕೂ ಹಿಂದಿನ ಒಂದು ಉತ್ತ ಹೊಲ ಸಿಕ್ಕಿತು. ಒಂದು ದಿಕ್ಕಿಗೆ ಒತ್ತೊತ್ತಾದ ಸಾಲು, ಅಡ್ಡಲಾಗಿ ದೂರ ದೂರದ ಸಾಲು. ಅಲ್ಲಿನ ರೈತರು ಆಗಲೂ ಹಾಗೇ ಉತ್ತು, ಒಂದರಲ್ಲಿ ಹುರುಳಿ, ಇನ್ನೊಂದರಲ್ಲಿ ಸಾಸಿವೆ ಬಿತ್ತುತ್ತಿದ್ದುದನ್ನು ಉತ್ಖನನಕಾರರು ಗುರುತಿಸಿದರು. ನಮ್ಮ ರಾಗಿ ಹೊಲದ ಅಕ್ಕಡಿ ಸಾಲು ಬಲ್ಲವರಿಗೆ ಈ ಲೆಕ್ಕಾಚಾರ ಹೊಸತಲ್ಲ.

ಅಗಲವಾದ ಪಾತ್ರದ ಪ್ರಶ್ನೆಗೆ ಉತ್ತರ ಸಟ್ಲೆಜ್ ನದಿ. ಅದು ಒಂದು ಕಾಲಕ್ಕೆ ಇಲ್ಲೇ ಹರಿಯುತ್ತಿತ್ತು. ಆಳದ ಮರಳಿನ ವಯಸ್ಸು ಅಳೆದ 2017ರ ಅಧ್ಯಯನದ ಪ್ರಕಾರ, ಸುಮಾರು 8,000 ವರ್ಷಗಳ ಹಿಂದೆಯೇ ಸಟ್ಲೆಜ್ ದಿಕ್ಕು ಬದಲಿಸಿತ್ತು. ನಗರಗಳು ಎದ್ದದ್ದು ಆಮೇಲೆ, ಅದು ಬಿಟ್ಟುಹೋದ ಕಣಿವೆಯಲ್ಲಿ. ಆದರೆ ಹಿಮಾಲಯದ ನೀರು ಇಲ್ಲಿಗೆ ಸುಮಾರು 4,500 ವರ್ಷಗಳ ಹಿಂದಿನವರೆಗೂ ಬರುತ್ತಿತ್ತು ಎನ್ನುತ್ತದೆ 2019ರ ಇನ್ನೊಂದು ಅಧ್ಯಯನ. ವಾದ ಮುಗಿದಿಲ್ಲ.

2017ರ ಅಧ್ಯಯನದ ಮಾತು ನಿಜವಾದರೆ, ನಾಗರಿಕತೆಗೆ ಜೀವನದಿಯೇ ಬೇಕು ಎಂಬ ಹಳೆಯ ನಂಬಿಕೆಯನ್ನು ತಿದ್ದಿಕೊಳ್ಳಬೇಕು. ಮಹಾನದಿ ಊರಿಗೆ ನೀರನ್ನೂ ಕೊಡುತ್ತದೆ, ಪ್ರವಾಹದಲ್ಲಿ ಊರನ್ನೇ ಕೊಚ್ಚಿಯೂ ಒಯ್ಯುತ್ತದೆ. ಮಳೆಗಾಲದ ಹೊಳೆ ಮೆಕ್ಕಲು ಹಾಸಿ, ನೆಲ ನೆನೆಸಿ ಹಿಂದೆ ಸರಿಯುತ್ತದೆ. ಆ ತೇವದಲ್ಲೇ ಹಿಂಗಾರಿನ ಬಾರ್ಲಿ, ಗೋಧಿ ಬೆಳೆಯುತ್ತವೆ. ಆದರೆ ಇಂಥ ಬದುಕಿಗೆ ಮಳೆಯೇ ಆಧಾರ. ಸುಮಾರು 4,200 ವರ್ಷಗಳ ಹಿಂದೆ ಮುಂಗಾರು ಕ್ಷೀಣಿಸಿದಾಗ ನಗರಗಳು ಕರಗಿದವು. ಜನ ಮಳೆ ಹೆಚ್ಚಿರುವ ಬೆಟ್ಟದಡಿಯ ಕಡೆಗೆ, ಸಣ್ಣ ಹಳ್ಳಿಗಳಾಗಿ ಸರಿದರು. ಘಗ್ಗರ್ ದಂಡೆಯ ಊರುಗಳನ್ನು ಕಟ್ಟಿದ್ದು ನದಿಯ ಗಾತ್ರಕ್ಕಿಂತ ಹೆಚ್ಚಾಗಿ, ಅದರ ಹದ ಅರಿತ ಒಕ್ಕಲುತನ.