ನಮ್ಮ ಮಿಲಿಟ್ರಿ ದೊಡ್ಡಪ್ಪ
(ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಇಲ್ಲಿ ಓದಿ ದೊಡ್ಡವರಾದವರನ್ನು ಇಂಥ ದಿನ ನೆನೆಯುವುದು ವಾಡಿಕೆ. ನಾನು ಮಾತ್ರ ಈ ಶಾಲೆಯಲ್ಲಿ ಓದದ, ಆದರೆ ಈ ಶಾಲೆಯ ಅಂಗಳಕ್ಕೆ ಬೆವರು ಸುರಿಸಿದ ಒಬ್ಬರ ಬಗ್ಗೆ ನಾಲ್ಕು ಮಾತು ಆಡುತ್ತೇನೆ. ಅವರು ನನ್ನ ದೊಡ್ಡಪ್ಪ. ಊರಿಗೆಲ್ಲ ‘ಮಿಲಿಟ್ರಿ ದೊಡ್ಡಪ್ಪ’.

ಅವರು ಹುಡುಗರಾಗಿದ್ದಾಗ ನಮ್ಮೂರಲ್ಲಿ ಹೈಸ್ಕೂಲು ಇರಲಿಲ್ಲ. ನ್ಯಾಮತಿ ಆಗ ಹೊನ್ನಾಳಿ ತಾಲ್ಲೂಕಿಗೆ ಸೇರಿತ್ತು, ಜಿಲ್ಲೆ ಶಿವಮೊಗ್ಗ. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ದೊಡ್ಡಪ್ಪ 1966ರಲ್ಲಿ ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್ ಸೇರಿದರು. 1780ರಲ್ಲಿ ಶುರುವಾದ ಹಳೆಯ ದಳ ಅದು. ಸೇತುವೆ ಕಟ್ಟುವುದು, ರಸ್ತೆ ಮಾಡುವುದು, ನೆಲದಲ್ಲಿ ಹುಗಿದ ಮೈನ್‌ಗಳನ್ನು ತೆಗೆಯುವುದು ಸ್ಯಾಪರ್‌ಗಳ ಕೆಲಸ. 1971ರ ಯುದ್ಧದಲ್ಲಿ ಬಸಂತರ್ ನದಿಯ ಬಳಿ ನಮ್ಮ ಟ್ಯಾಂಕುಗಳು ಮುಂದೆ ಹೋಗಲು ಮೈನ್ ತೆಗೆದು ದಾರಿ ಮಾಡಿದವರು ಮದ್ರಾಸ್ ಸ್ಯಾಪರ್‌ಗಳು. ಆ ಡಿಸೆಂಬರಿನಲ್ಲಿ ದೊಡ್ಡಪ್ಪನೂ ಪಶ್ಚಿಮ ಗಡಿಯಲ್ಲಿದ್ದರು. ಯುದ್ಧದ ಕಥೆ ಹೇಳಿ ಅಂದರೆ, “ಮುಂದೆ ಹೋಗೋರಿಗೆ ದಾರಿ ಮಾಡಿಕೊಡೋದು ನಮ್ ಕೆಲಸ ಕಣ್ರೋ, ಅಷ್ಟೇ” ಎಂದು ಸುಮ್ಮನಾಗುತ್ತಿದ್ದರು.

1984ರಲ್ಲಿ ಪಿಂಚಣಿ ಪಡೆದು ಬಂದರು. ಆಗ ನಾನು ಇಲ್ಲಿ ಎಂಟನೇ ತರಗತಿ. ಆಗಸ್ಟ್ 15 ಹತ್ತಿರವಾದರೆ ಹೊಲದ ಕೆಲಸ ಬಿಟ್ಟು ನಮಗೆ ಕವಾಯತು ಕಲಿಸಲು ಬರುತ್ತಿದ್ದರು. ಕಾಂಪೌಂಡಿನ ಪಕ್ಕದ ಬೇವಿನ ಮರಗಳು ಅವರು ನಮ್ಮ ಕೈಯಲ್ಲಿ ನೆಡಿಸಿದವು. ಸೇನಾ ಭರ್ತಿಗೆ ಹೊರಟ ಹುಡುಗರನ್ನು ಬೆಳಗಿನ ಜಾವ ಎಬ್ಬಿಸಿ 1.6 ಕಿ.ಮೀ. ಓಡಿಸುತ್ತಿದ್ದರು, ಒಂಬತ್ತು ಅಡಿ ಹಳ್ಳ ಹಾರಿಸುತ್ತಿದ್ದರು. ಯಾರಿಂದಲೂ ಒಂದು ರೂಪಾಯಿ ಪಡೆಯಲಿಲ್ಲ.

ಆದರೆ ಅವರ ದೊಡ್ಡ ಕೆಲಸ ಖಾಕಿ ಬಟ್ಟೆಯ ಚೀಲದಲ್ಲಿತ್ತು. ಮಾಜಿ ಸೈನಿಕರ, ಅವರ ವಿಧವೆಯರ ಕಾಗದಪತ್ರಗಳು. ಜಗಳೂರು ತಾಲ್ಲೂಕಿನ ಒಬ್ಬ ತಾಯಿಗೆ ಗಂಡ ತೀರಿಕೊಂಡ ಮೇಲೆ ಕುಟುಂಬ ಪಿಂಚಣಿ ಬಂದಿರಲಿಲ್ಲ. ಸೇನೆಯ ದಾಖಲೆಯಲ್ಲಿ ಅವರ ತವರಿನ ಹೆಸರು, ಪಡಿತರ ಚೀಟಿಯಲ್ಲಿ ಗಂಡನ ಮನೆಯಲ್ಲಿಟ್ಟ ಹೆಸರು. ಇಬ್ಬರೂ ಒಬ್ಬರೇ ಎಂದು ತೋರಿಸಬೇಕಿತ್ತು. ಮಳೆಯಿಲ್ಲದ ವರ್ಷ, ಮನೆಯಲ್ಲಿ ಎರಡು ಮಕ್ಕಳು. ದೊಡ್ಡಪ್ಪ ಸ್ವಂತ ಖರ್ಚಿನಲ್ಲಿ ಏಳು ಸಲ ಓಡಾಡಿ ಅಫಿಡವಿಟ್ ಮಾಡಿಸಿ, ದಾಖಲೆ ಸರಿಪಡಿಸಿ, ಹಿಂಬಾಕಿ ಸಮೇತ ಪಿಂಚಣಿ ಕೊಡಿಸಿದರು. ಆ ಮನೆಯ ಮಗಳು ಇವತ್ತು ನರ್ಸ್.

2019ರ ಆಗಸ್ಟಿನಲ್ಲಿ ತುಂಗಭದ್ರೆ ಉಕ್ಕಿ ಹೊನ್ನಾಳಿಯ ತಗ್ಗಿನ ಮನೆಗಳಿಗೆ ನೀರು ನುಗ್ಗಿದಾಗ ಅವರಿಗೆ ಎಪ್ಪತ್ತು ದಾಟಿತ್ತು. ನೀರಿಗಿಳಿಯುವ ಶಕ್ತಿ ಇರಲಿಲ್ಲ. ದಡದಲ್ಲಿ ಕುರ್ಚಿ ಹಾಕಿಸಿಕೊಂಡು ಹುಡುಗರಿಗೆ ಹಗ್ಗದ ಗಂಟು ಹಾಕುವುದನ್ನು ಕಲಿಸಿದರು. ಎರಡು ವರ್ಷದ ನಂತರ ತೀರಿಕೊಂಡರು.

ಅವರ ಚೀಲದಲ್ಲಿ ಮೂರು ಕಡತ ಉಳಿದಿದ್ದವು. ಎರಡು ಮುಗಿದಿವೆ. ಮೂರನೆಯದು ಚನ್ನಗಿರಿ ಕಡೆಯ ಒಬ್ಬ ಅಜ್ಜಿಯದು. ಇನ್ನೂ ನಡೆದಿದೆ. ಅಜ್ಜಿಗೆ ಎಂಬತ್ತು ದಾಟಿದೆ, ಕಾಯಲು ಹೆಚ್ಚು ದಿನವಿಲ್ಲ.

ಅದಕ್ಕೇ ಇವತ್ತು ನನ್ನದೊಂದು ಕೋರಿಕೆ. ಇಲ್ಲಿ ಓದಿ ಸೇನೆ ಸೇರಿದವರು ಹಲವರಿದ್ದಾರೆ. ರಜೆಗೆ ಬಂದಾಗ ಹೆಂಡತಿ ಮಕ್ಕಳ ಹೆಸರು, ಹುಟ್ಟಿದ ದಿನಾಂಕ ಆಧಾರ್‌ನಲ್ಲೂ ಸೇನೆಯ ದಾಖಲೆಯಲ್ಲೂ ಒಂದೇ ಇದೆಯೇ ನೋಡಿಕೊಳ್ಳಿ. ಮದುವೆ, ಮಕ್ಕಳ ಜನನವನ್ನು ತಡಮಾಡದೆ ಪಾರ್ಟ್ ಟು ಆರ್ಡರ್‌ನಲ್ಲಿ ಬರೆಸಿ. ಹಳೆಯ ವಿದ್ಯಾರ್ಥಿಗಳ ಸಂಘ ತಿಂಗಳಿಗೆ ಒಂದು ಭಾನುವಾರ ಶಾಲೆಯ ಒಂದು ಕೋಣೆಯಲ್ಲಿ ಕೂತರೆ, ಇಂಥ ಕಾಗದ ಓದಿ ಹೇಳಲು, ಅರ್ಜಿ ಬರೆದುಕೊಡಲು ಸಾಕು. ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಗೆ ಹೋಗುವ ದಾರಿ ನಾನು ತೋರಿಸುತ್ತೇನೆ. ಡಿಸೆಂಬರ್ 7, ಧ್ವಜ ದಿನದಿಂದಲೇ ಶುರು ಮಾಡೋಣ. ಮೊದಲ ಭಾನುವಾರ ಆ ಖಾಕಿ ಚೀಲ ಹಿಡಿದು ನಾನು ಬರುತ್ತೇನೆ, ಜೊತೆಗೆ ಯಾರು ಬರುತ್ತೀರಿ ಹೇಳಿ.

ಜೈ ಹಿಂದ್, ಜೈ ಕರ್ನಾಟಕ.