ಒಂದು ಅಕ್ಷರದ ಬೆಲೆ



ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿ ದುಡಿದು ನಿವೃತ್ತನಾದವನು. ಚೆಕ್ಕಿನಲ್ಲಿ ಅಂಕಿಗೂ ಅಕ್ಷರಕ್ಕೂ ತಾಳೆಯಾಗದಿದ್ದರೆ, ಗಿರಾಕಿ ಎಷ್ಟೇ ಅವಸರ ಮಾಡಿದರೂ ಹಿಂದಿರುಗಿಸುತ್ತಿದ್ದೆ. ಆ ಅಭ್ಯಾಸದ ಬೆಲೆ ಏನೆಂಬುದಕ್ಕೆ ಒಂದು ಸಂಗತಿ ಕೇಳಿರಿ.

ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿನ ಕಂಪ್ಯೂಟರುಗಳೊಳಗೆ ನುಸುಳಿದ ಕಳ್ಳರು, 2016ರ ಫೆಬ್ರವರಿಯಲ್ಲಿ ಆ ಬ್ಯಾಂಕಿನ ಹೆಸರಿನಲ್ಲೇ ನ್ಯೂಯಾರ್ಕಿಗೆ ಪಾವತಿಯ ಆದೇಶಗಳನ್ನು ಕಳಿಸಿದರು. ಕೇಳಿದ್ದು ಸುಮಾರು 95 ಕೋಟಿ ಡಾಲರು. ಬಹುಪಾಲು ಅಲ್ಲಿಯೇ ತಡೆಯಿತು. ಆದರೂ 8 ಕೋಟಿ 10 ಲಕ್ಷ ಡಾಲರು ಫಿಲಿಪ್ಪೀನ್ಸಿಗೆ ಹೋಯಿತು. ಶ್ರೀಲಂಕಾದ ಕಡೆಗೆ ಹೊರಟ 2 ಕೋಟಿ ಕೈಗೆ ಮರಳಿತು. ಏಕೆ? ‘ಫೌಂಡೇಶನ್’ ಎಂಬಲ್ಲಿ ಕಳ್ಳರು ‘ಫ್ಯಾಂಡೇಶನ್’ ಎಂದು ಬರೆದಿದ್ದರು. ನಡುವಿನ ಬ್ಯಾಂಕಿನವರು ಸಂಶಯಪಟ್ಟು ವಿಚಾರಿಸಿದರು.

ನಮ್ಮ ಗಡಿಭಾಗದವರಿಗೆ ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ. ಫೋನಿಗೆ ಬರುವ ಸಂದೇಶ ಮಾತ್ರ ಇಂಗ್ಲಿಷು. ತಿಳಿಯಲಿಲ್ಲ ಎನ್ನಲು ನಾಚಿ ಒತ್ತಿಬಿಡುತ್ತೇವೆ. ಪಿಂಚಣಿ ನಿಲ್ಲುವುದೆಂಬ ಸಂದೇಶಕ್ಕೆ ಹೆದರಿ ನಾನೂ ಒಮ್ಮೆ ಬೆರಳು ಚಾಚಿದ್ದೆ. ಬ್ಯಾಂಕಿನ ಹೆಸರಿನಲ್ಲಿ ಒಂದು ಅಕ್ಷರ ಹೆಚ್ಚಿಗೆ ಕಂಡಿತು. ಕೈ ಹಿಂದಕ್ಕೆ ಬಂತು.

ಈಗಿನ ಕಳ್ಳರು ತಪ್ಪಿಲ್ಲದೆ ಬರೆಯುವುದನ್ನೂ ಕಲಿತಿದ್ದಾರೆ. ಆದ್ದರಿಂದ ಯಾರಾದರೂ ಅವಸರ ಮಾಡಿದರೆ ಅಲ್ಲಿಯೇ ನಿಲ್ಲಿರಿ. ಓಟಿಪಿ ಯಾರಿಗೂ ಹೇಳಬೇಡಿರಿ. ನಮಗೆ ಹಣ ಬರಬೇಕಾದರೆ ಪಿನ್ ಒತ್ತುವ ಅಗತ್ಯವಿಲ್ಲ. ಮೋಸಹೋದರೆ ಮುಚ್ಚಿಡದೆ ಕೂಡಲೇ 1930ಕ್ಕೆ ಫೋನು ಮಾಡಿರಿ. ತಡಮಾಡಿದಷ್ಟೂ ಹಣ ಕೈಯಿಂದ ಕೈಗೆ ದಾಟುತ್ತದೆ.

ತಿಳಿಯದ್ದನ್ನು ಮಕ್ಕಳಿಂದ ಓದಿಸಿಕೊಳ್ಳಿರಿ. ಕೇಳುವುದು ಅವಮಾನವಲ್ಲ.